ಗರ್ಭಿಣಿಗೆ ಅರಿವಳಿಕೆ ಕೊಟ್ಟ ಬಗೆ: ಒಂದು ಆಸ್ಪತ್ರೆಯ ಸೇವೆಯ ವಿಮರ್ಶೆ

ನನಗೆ 22 ವಾರ ತುಂಬಿದ್ದಾಗ ಕಂಕುಳಲ್ಲಿ ಎದ್ದ ಕುರು ಕೀವುಗಟ್ಟಿ ಜ್ವರ ಬಂದಿದ್ದರಿಂದ, ಅದನ್ನು ಕೊಯ್ಸಲೇಬೇಕಾಯಿತು. ಹೆರಿಗೆಯವರೆಗೆ ತಡೆಯಬಹುದಾದ ಶಸ್ತ್ರಚಿಕಿತ್ಸೆಯಾಗಿದ್ದರೆ ಮುಂದೂಡಬಹುದಿತ್ತು, ಆದರೆ ಸೋಂಕನ್ನು ಹಾಗೆಯೇ ಬಿಡುವುದು ಮಗುವಿಗೂ ಒಳ್ಳೆಯದಲ್ಲ ಎಂದು ವೈದ್ಯರು ಹೇಳಿದರು. ಕೊಯ್ಯುವುದಕ್ಕಿಂತ ಅರಿವಳಿಕೆಗೇ ನಾನು ಹೆಚ್ಚು ಹೆದರಿದ್ದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಆ ವಿಭಾಗದ ಬಗ್ಗೆ.

ಅರಿವಳಿಕೆ ತಜ್ಞೆ ಹಿಂದಿನ ದಿನವೇ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಈಗ ಬಳಕೆಯಲ್ಲಿರುವ ಅರಿವಳಿಕೆ ಔಷಧಗಳಿಂದ, ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟಾಗ, ಹುಟ್ಟುವ ಮಗುವಿಗೆ ಅಂಗದೋಷ ಬರುತ್ತದೆಂದು ಸಾಬೀತಾಗಿಲ್ಲವೆಂದೂ, ತಾಯಿಯ ರಕ್ತದೊತ್ತಡ ಕುಸಿಯದಂತೆ, ಆಮ್ಲಜನಕ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಮುಖ್ಯವೆಂದೂ ವಿವರಿಸಿದರು. ಗರ್ಭಿಣಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶ ಸೇರುವ ಅಪಾಯ ಹೆಚ್ಚಾದ್ದರಿಂದ, ಲಿಡೋಕೇನ್ ಚುಚ್ಚಿ ಆ ಜಾಗವನ್ನಷ್ಟೇ ಮರಗಟ್ಟಿಸೋಣ ಎಂದರು. ಕೀವಿರುವ ಕಡೆ ಈ ಮದ್ದು ಸರಿಯಾಗಿ ಹಿಡಿಯುವುದಿಲ್ಲ, ಸುತ್ತಲೂ ಕೊಟ್ಟರೂ ಸ್ವಲ್ಪ ನೋವಾಗಬಹುದು ಎಂಬುದನ್ನು ಮುಚ್ಚಿಡಲಿಲ್ಲ. ನೋವಾಯಿತು ನಿಜ, ಆದರೆ ಮೊದಲೇ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ.

ಮೇಜಿನ ಮೇಲೆ ಮಲಗಿಸಿದಾಗ, ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳಗಳ ಮೇಲೆ ಬೀಳದಿರಲೆಂದು, ನನ್ನ ಬಲ ಸೊಂಟದ ಕೆಳಗೆ ಸುತ್ತಿದ ಹೊದಿಕೆಯೊಂದನ್ನಿಟ್ಟು ಎಡಕ್ಕೆ ವಾಲಿಸಿದರು. ತೋಳೆತ್ತುವಾಗ ಆ ಸುರುಳಿ ಜಾರಿತು. ಶಸ್ತ್ರವೈದ್ಯರು ಕತ್ತಿ ಹಿಡಿದಾಗಿತ್ತು. ಅರಿವಳಿಕೆ ತಜ್ಞೆ ಅವರನ್ನು ತಡೆದು, ಸುರುಳಿಯನ್ನು ಮತ್ತೆ ಸರಿಯಾಗಿ ಒತ್ತಿಟ್ಟು, ರಕ್ತದೊತ್ತಡ ಇನ್ನೊಮ್ಮೆ ನೋಡಿದ ಮೇಲೆಯೇ ಮುಂದುವರಿಯಲು ಬಿಟ್ಟರು. ಅಷ್ಟು ಚಿಕ್ಕ ವಿಷಯಕ್ಕೆ ಕೊಟ್ಟ ಗಮನವನ್ನು ನಾನು ಮರೆಯಲಾರೆ. ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಮಗುವಿನ ಎದೆಬಡಿತವನ್ನು ಪರೀಕ್ಷಿಸಿ, ನನಗೂ ಕೇಳಿಸಿದರು.

ಬೇಸರವಾದದ್ದು ಮನೆಗೆ ಹೊರಡುವಾಗ. ವಾರ್ಡಿನಲ್ಲಿ ಕೊಟ್ಟ ಔಷಧ ಚೀಟಿಯಲ್ಲಿ ನೋವಿಗೆ ಡೈಕ್ಲೋಫಿನ್ಯಾಕ್ ಬರೆದಿತ್ತು. 20 ವಾರ ಕಳೆದ ಮೇಲೆ ಈ ಗುಂಪಿನ, ಅಂದರೆ ಸ್ಟೀರಾಯ್ಡ್ ಅಲ್ಲದ, ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭಜಲ ಕಡಿಮೆಯಾಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಎಚ್ಚರಿಸಿದೆ. ನನಗೆ ಅನುಮಾನ ಬಂದು ಕೇಳಿದಾಗ, ವಾರ್ಡಿನವರು ಎಲ್ಲರಿಗೂ ಇದನ್ನೇ ಕೊಡುತ್ತೇವೆ ಎಂದರು. ಕೊನೆಗೆ ಅರಿವಳಿಕೆ ತಜ್ಞೆಯೇ ಕೆಳಗಿಳಿದು ಬಂದು, ಅದನ್ನು ಹೊಡೆದುಹಾಕಿ ಪ್ಯಾರಸಿಟಮಾಲ್ ಬರೆದು ಸಹಿ ಮಾಡಿದರು. ಅರಿವಳಿಕೆ ವಿಭಾಗಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ, ವಾರ್ಡಿಗೆ ಎರಡು.