ಎಸ್‌ಬಿಐ ಅಧ್ಯಕ್ಷರು: ವಿದ್ಯಾರ್ಥಿಯ ಪ್ರಾಜೆಕ್ಟ್‌ಗೆ ಯಾರ ಅವಧಿ ಸೂಕ್ತ?

ಬ್ಯಾಂಕುಗಳ ವಿಲೀನದ ಬಗ್ಗೆ ಪ್ರಾಜೆಕ್ಟ್ ಬರೆಯುವುದಾದರೆ ಅರುಂಧತಿ ಭಟ್ಟಾಚಾರ್ಯ (2013–17) ಅವರ ಅವಧಿಯೇ ಸರಿ. 2017ರ ಏಪ್ರಿಲ್ 1ರಂದು ಐದು ಸಹವರ್ತಿ ಬ್ಯಾಂಕುಗಳು ಎಸ್‌ಬಿಐ ಜೊತೆ ಒಂದಾದವು. 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕಿನ ಹೆಸರೂ ಅಂದೇ ಮರೆಯಾಯಿತು; ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ವಿಷಯ ಸಿಗದು.

ವಸೂಲಾಗದ ಸಾಲ, ಡಿಜಿಟಲ್ ಸೇವೆ ಎರಡೂ ಬೇಕೆಂದರೆ ರಜನೀಶ್ ಕುಮಾರ್ (2017–20). ಎಸ್‌ಬಿಐನ ಮೊಬೈಲ್ ಬ್ಯಾಂಕಿಂಗ್ ಆ್ಯಪ್ ಯೋನೊ ಬಂದದ್ದು, ಸಂಕಷ್ಟಕ್ಕೆ ಸಿಲುಕಿದ್ದ ಖಾಸಗಿ ಯೆಸ್ ಬ್ಯಾಂಕಿಗೆ ಬಂಡವಾಳ ಹಾಕಿದ್ದು ಇವರ ಕಾಲದಲ್ಲೇ. ಹೆಚ್ಚಿನವರು ಎಡವುವುದೂ ಇಲ್ಲೇ. 2017–18ರ 6,547 ಕೋಟಿ ರೂಪಾಯಿ ನಷ್ಟವನ್ನು ಪೂರ್ತಿ ಇವರ ತಲೆಗೆ ಕಟ್ಟಬೇಡಿ. ಇವರು ಅಧಿಕಾರ ವಹಿಸಿಕೊಂಡದ್ದು ಅಕ್ಟೋಬರ್‌ನಲ್ಲಿ, ಅಂದರೆ ಆರ್ಥಿಕ ವರ್ಷದ ನಡುವೆ. ಕೆಟ್ಟ ಸಾಲಗಳೂ ಬಹುಪಾಲು ಹಿಂದಿನ ವರ್ಷಗಳವು. ವಾರ್ಷಿಕ ಲೆಕ್ಕ ಬಿಟ್ಟು ತ್ರೈಮಾಸಿಕ ಲೆಕ್ಕ ಹಿಡಿಯಿರಿ.

ದಿನೇಶ್ ಖಾರಾ (2020–24) ಅವಧಿಯ ಅಂಕಿಗಳು ಕಣ್ಣು ಕುಕ್ಕುತ್ತವೆ: 2023–24ರ ಲಾಭ 61,077 ಕೋಟಿ. ಆದರೆ ಕೆಟ್ಟ ಸಾಲಕ್ಕೆ ಎತ್ತಿಡುವ ಹಣ ಎಷ್ಟು ಇಳಿಯಿತೆಂದು ನೋಡದೆ ಈ ಲಾಭ ಅರ್ಥವಾಗದು.

2024ರ ಆಗಸ್ಟ್‌ನಲ್ಲಿ ಬಂದ ಸಿ.ಎಸ್. ಶೆಟ್ಟಿ ಅವರನ್ನು ಸದ್ಯಕ್ಕೆ ಬಿಡಿ. ಹೋಲಿಸಲು ವರ್ಷಗಳು ಸಾಲವು.