ಆಸ್ಪತ್ರೆಯ ಬಿಲ್ಲಿಗಾಗಿ ವಸೂಲಿ ಸಂಸ್ಥೆ ಕರೆ ಮಾಡಿದರೆ ಫೋನಿನಲ್ಲಿ ಹಣ ಕಟ್ಟಬೇಡಿ

ಅಮೆರಿಕದಲ್ಲಿರುವ ಕನ್ನಡಿಗರು, ಅದರಲ್ಲೂ ಈಚೆಗೆ ಕೆಲಸವನ್ನೋ ಮನೆಯನ್ನೋ ಬದಲಿಸಿದವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಾವು ಕೊಡಬೇಕಾಗಿಯೇ ಇರದ 1,140 ಡಾಲರ್‌ಗಾಗಿ ನಾನೂ ನನ್ನ ಹೆಂಡತಿಯೂ ಐದು ತಿಂಗಳು ನೆಮ್ಮದಿ ಕಳೆದುಕೊಂಡೆವು.

2023ರ ಮಾರ್ಚ್‌ನಲ್ಲಿ ಮಗಳು ಜಾರುಬಂಡೆಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ನಾನು ಕೆಲಸ ಬದಲಿಸಿ ಎರಡು ತಿಂಗಳಾಗಿತ್ತಾದ್ದರಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹೊಸ ಇನ್ಶೂರೆನ್ಸ್ ಕಾರ್ಡನ್ನೇ ಕೊಟ್ಟೆ. ಅವರು ಅದರ ಎರಡೂ ಬದಿಗಳ ಪ್ರತಿ ತೆಗೆದುಕೊಂಡರು. ಇಲ್ಲಿ ಎಷ್ಟೋ ಕಡೆ ಆಸ್ಪತ್ರೆಯ ಬಿಲ್ ಬೇರೆ, ಆ ರಾತ್ರಿ ನೋಡಿದ ವೈದ್ಯರ ಬಿಲ್ ಬೇರೆ. ಆಸ್ಪತ್ರೆ ತನ್ನ ಬಿಲ್ಲನ್ನು ಸರಿಯಾಗಿಯೇ ಹೊಸ ಇನ್ಶೂರೆನ್ಸ್ ಕಂಪನಿಗೆ ಕಳಿಸಿತು. ವೈದ್ಯರ ಕಚೇರಿ ಮಾತ್ರ ಹಳೆಯ ದಾಖಲೆಯನ್ನು ನೋಡಿ ಹಳೆಯ ಕಂಪನಿಗೆ ಕಳಿಸಿತು, ಅಲ್ಲಿ ಅದು ತಿರಸ್ಕೃತವಾಯಿತು. ಆಮೇಲೆ ನಮಗೆ ಬರೆದ ಪತ್ರಗಳೆಲ್ಲ ನಾವು ಬಿಟ್ಟುಬಂದ ಮನೆಯ ವಿಳಾಸಕ್ಕೆ ಹೋದವು.

2024ರ ಜನವರಿಯಲ್ಲಿ ವೈದ್ಯರ ಬಿಲ್ಲಿನ ಆ 1,140 ಡಾಲರ್ ಕೇಳಿ ವಸೂಲಿ ಸಂಸ್ಥೆಯ ಪತ್ರ ಬಂತು, ಅದರ ಹಿಂದೆಯೇ ಕರೆಯೂ ಬಂತು. ನಾವು ಆಗಷ್ಟೇ ಮನೆ ಸಾಲಕ್ಕೆ ಅರ್ಜಿ ಹಾಕುವುದರಲ್ಲಿದ್ದೆವು. ಇವತ್ತೇ ಸ್ವಲ್ಪವಾದರೂ ಕಟ್ಟಿದರೆ, ಸಾಲ ಕೊಡುವವರು ನೋಡುವ ಕ್ರೆಡಿಟ್ ವರದಿಗೆ ಇದು ಹೋಗದಂತೆ ತಡೆಯುತ್ತೇನೆ ಎಂದು ಕರೆ ಮಾಡಿದಾತ ಹೇಳಿದಾಗ ನಾನು ಕಾರ್ಡ್ ನಂಬರ್ ಕೊಟ್ಟು 50 ಡಾಲರ್ ಕಟ್ಟಿಬಿಟ್ಟೆ. ಕೊಟ್ಟ ಸಾಲ ವಾಪಸ್ ಕೇಳಿಕೊಂಡು ಯಾರಾದರೂ ಬಾಗಿಲಿಗೆ ಬಂದರೆ ಮರ್ಯಾದೆ ಹೋಯಿತೆಂದು ಭಾವಿಸುವ ಮನೆಯಲ್ಲಿ ಬೆಳೆದವನು ನಾನು. ಕೊಟ್ಟು ಕೈತೊಳೆದುಕೊಳ್ಳೋಣ ಎನ್ನುವ ಆ ಅವಸರವೇ ಅವರಿಗೆ ಅನುಕೂಲವಾಯಿತು. ಹಲವು ರಾಜ್ಯಗಳಲ್ಲಿ ಹೀಗೆ ಅಲ್ಪಸ್ವಲ್ಪ ಕಟ್ಟಿದರೂ ದಾವೆ ಹೂಡಲು ಇರುವ ಕಾಲಮಿತಿ ಹೊಸದಾಗಿ ಆರಂಭವಾಗಬಹುದು. ಕ್ರೆಡಿಟ್ ವರದಿಯ ಬೆದರಿಕೆಯಲ್ಲಿಯೂ ಹುರುಳಿರಲಿಲ್ಲ: ಆ ವರದಿ ತಯಾರಿಸುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಸಂಸ್ಥೆಗಳು 2022ರಿಂದ ವೈದ್ಯಕೀಯ ಬಾಕಿಯನ್ನು ಒಂದು ವರ್ಷ ಕಳೆಯುವವರೆಗೆ ವರದಿಗೆ ಸೇರಿಸುವುದಿಲ್ಲ, 2023ರ ಏಪ್ರಿಲ್‌ನಿಂದ 500 ಡಾಲರ್‌ಗಿಂತ ಕಡಿಮೆಯ ಬಾಕಿಯನ್ನು ತೋರಿಸುವುದೂ ಇಲ್ಲ.

ಮುಂದಿನ 22 ದಿನಗಳನ್ನು ನಾನು ಫೋನಿನಲ್ಲೇ ಕಳೆದೆ. ವೈದ್ಯರ ಕಚೇರಿಯವರು ವಸೂಲಿಯವರನ್ನು ಕೇಳಿ ಎಂದರು, ವಸೂಲಿಯವರು ಇನ್ಶೂರೆನ್ಸ್‌ನವರನ್ನು ಕೇಳಿ ಎಂದರು. ಕೊನೆಗೆ ಒಂದು ರಾತ್ರಿ ನನ್ನ ಹೆಂಡತಿ ಆ ಪತ್ರವನ್ನು ಮೇಜಿನ ಮೇಲೆ ಹರಡಿ ಸಾಲುಸಾಲಾಗಿ ಓದಿದಳು. ಇಂಥ ತಾರೀಖಿನೊಳಗೆ ಕರೆ ಮಾಡಿ ಅಥವಾ ಬರೆದು ತಕರಾರು ಹೇಳಬಹುದು ಎಂದು ಒಂದು ಸಾಲಿತ್ತು. ಬರವಣಿಗೆಯಲ್ಲಿ ತಕರಾರು ಕೊಟ್ಟರೆ, ಸಾಲ ನಿಮ್ಮದೇ ಎಂದು ತೋರಿಸುವ ಮಾಹಿತಿ ಕಳಿಸುವವರೆಗೆ ವಸೂಲಿ ನಿಲ್ಲಿಸಲೇಬೇಕು ಎಂದು ಮುಂದಿನ ಸಾಲಿತ್ತು. ಎರಡನೆಯ ಸಾಲಿನಲ್ಲಿ ಕರೆಯ ಮಾತೇ ಇಲ್ಲ. 1977ರ ಸಾಲ ವಸೂಲಿ ಕಾಯ್ದೆ ಈ ರಕ್ಷಣೆ ಕೊಡುವುದು ಪತ್ರ ಕೈಸೇರಿದ 30 ದಿನಗಳೊಳಗೆ ಬರೆದು ತಿಳಿಸಿದವರಿಗೆ ಮಾತ್ರ. ನಮಗೆ ಉಳಿದಿದ್ದದ್ದು ಎಂಟೇ ದಿನ.

ಮರುದಿನವೇ ತಕರಾರು ಬರೆದು, ತಲುಪಿದ್ದಕ್ಕೆ ಸಹಿ ಮರಳಿ ಬರುವಂತೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆವು. ಅದರೊಂದಿಗೆ ಇಟ್ಟ ಒಂದು ಕಾಗದವೇ ನಮ್ಮನ್ನು ಉಳಿಸಿತು: ಆಸ್ಪತ್ರೆಯ ಬಿಲ್ಲಿನ ಬಗ್ಗೆ ಹೊಸ ಇನ್ಶೂರೆನ್ಸ್ ಕಂಪನಿ ಕಳಿಸಿದ್ದ, ‘ಇದು ಬಿಲ್ ಅಲ್ಲ’ ಎಂದು ತಲೆಯ ಮೇಲೆ ಅಚ್ಚಾಗಿದ್ದ ವಿವರಪತ್ರ. ಆ ದಿನ ನಮ್ಮ ವಿಮೆ ಚಾಲ್ತಿಯಲ್ಲಿತ್ತು, ಕಾರ್ಡ್ ಆಸ್ಪತ್ರೆಯ ಕೈಯಲ್ಲೂ ಇತ್ತು ಎಂಬುದಕ್ಕೆ ಅದೇ ಪುರಾವೆಯಾಯಿತು. ಇಂಥ ಕಾಗದಗಳನ್ನು ನಿಷ್ಪ್ರಯೋಜಕವೆಂದು ಎಸೆಯುವವರು ಅನೇಕರು, ದಯವಿಟ್ಟು ಹಾಗೆ ಮಾಡಬೇಡಿ.

ಕರೆಗಳು ನಿಂತವು. ವೈದ್ಯರ ಕಚೇರಿ ಕೊನೆಗೂ ಹೊಸ ಕಂಪನಿಗೆ ಬಿಲ್ ಕಳಿಸಿತಾದರೂ ಬಿಲ್ ಸಲ್ಲಿಸಲು ನಮ್ಮ ವಿಮಾ ಯೋಜನೆಯಲ್ಲಿದ್ದ 180 ದಿನಗಳ ಗಡುವು ಆಗಲೇ ಮೀರಿತ್ತು. ಆ ವೈದ್ಯರು ಅದೇ ಕಂಪನಿಯ ನೆಟ್‌ವರ್ಕ್‌ನಲ್ಲಿ, ಅಂದರೆ ಅದರೊಂದಿಗೆ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ, ಇದ್ದುದರಿಂದ ತಮ್ಮ ಕಡೆಯ ವಿಳಂಬದ ಹಣವನ್ನು ರೋಗಿಯಿಂದ ಕೇಳಬಾರದೆಂಬ ಒಪ್ಪಂದಕ್ಕೆ ಬದ್ಧರಾಗಿದ್ದರು. ಕಂಪನಿ ಇದನ್ನು ಬರವಣಿಗೆಯಲ್ಲಿ ತಿಳಿಸಿದ ಮೇಲೆಯೇ ಬಾಕಿಯನ್ನು ರದ್ದುಪಡಿಸಿದರು. ವಸೂಲಿ ಸಂಸ್ಥೆ ಕಡತ ಮುಚ್ಚಿದ್ದಾಗಿ ಜೂನ್‌ನಲ್ಲಿ ಪತ್ರ ಕಳಿಸಿತು. ನಾನು ಫೋನಿನಲ್ಲಿ ಕಟ್ಟಿದ್ದ 50 ಡಾಲರ್ ಮರಳಿ ಪಡೆಯಲು ಮತ್ತೆರಡು ಪತ್ರಗಳನ್ನು ಬರೆಯಬೇಕಾಯಿತು.