ಒಂದು ಮಂಡಿಗೆ ಜೇನುವಿಷ, ಇನ್ನೊಂದಕ್ಕೆ ಮೆಣಸಿನ ಖಾರ

ಮಂಡಿನೋವು ಅಂದ ಕೂಡಲೇ ಎದುರಿಗಿದ್ದವರೆಲ್ಲ ವೈದ್ಯರಾಗಿಬಿಡುತ್ತಾರೆ. ಆ ಎಣ್ಣೆ ಹಚ್ಚಿ, ಈ ಮಾತ್ರೆ ನುಂಗಿ, ಜೇನುನೊಣದ ಕೈಲಿ ಕಚ್ಚಿಸಿಕೊಳ್ಳಿ. ನನ್ನದು ಮಾಮೂಲಿ ಸವೆತ. ಎರಡೂ ಮಂಡಿಯಲ್ಲಿ ಹೆಚ್ಚುಕಡಿಮೆ ಒಂದೇ ಹದದ ನೋವು. ಇದರಿಂದ ಆದ ಲಾಭ ಒಂದೇ: ಎರಡು ಮದ್ದನ್ನು ಒಟ್ಟಿಗೇ ಹಚ್ಚಿ ನೋಡಬಹುದು, ಎಡಕ್ಕೊಂದು, ಬಲಕ್ಕೊಂದು. ಇರುವುದು ಒಬ್ಬರೇ ರೋಗಿ, ಅದೂ ಯಾವ ಮಂಡಿಗೆ ಏನು ಹಚ್ಚಿದೆ ಅಂತ ಗೊತ್ತಿರುವ ರೋಗಿ. ಹಾಗಾಗಿ ಇದನ್ನು ಸಂಶೋಧನೆ ಅಂತ ಯಾರೂ ಕರೆಯಬೇಡಿ.

ಅಳತೆಗೆ ಇಟ್ಟುಕೊಂಡಿದ್ದು ಮೆಟ್ಟಿಲು ಇಳಿಯುವುದನ್ನು. ಹತ್ತುವಾಗ ಹೇಗೋ ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಮಂಡಿ ಸುಳ್ಳು ಹೇಳುವುದಿಲ್ಲ.

ಜೇನುವಿಷದ ಕ್ರೀಮಿನಿಂದಲೇ ಶುರು ಮಾಡುತ್ತೇನೆ, ಆಸೆ ಜಾಸ್ತಿ ಇದ್ದದ್ದು ಅದರ ಮೇಲೆ. 2020ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಹ್ಯಾರಿ ಪರ್ಕಿನ್ಸ್ ಸಂಸ್ಥೆಯಿಂದ ಒಂದು ಸುದ್ದಿ ಬಂದಿತ್ತು, ನೆನಪಿದೆಯಾ? ಸಿಯಾರಾ ಡಫಿ ಅನ್ನುವ ಸಂಶೋಧಕಿ ಮತ್ತು ಜೊತೆಯವರು 312 ನೊಣಗಳ ವಿಷ ತೆಗೆದು ಸ್ತನ ಕ್ಯಾನ್ಸರಿನ ಕೋಶಗಳ ಮೇಲೆ ಹಾಕಿ ನೋಡಿದರು. ಜೇನುನೊಣದ ವಿಷ ಒಂದು ಪ್ರಮಾಣದಲ್ಲಿ ಗಂಟೆಯೊಳಗೆ ಆ ಕೋಶಗಳ ಪೊರೆಯನ್ನೇ ಹರಿದುಹಾಕಿತು. ಆದರೆ ಜೇನುನೊಣದ ದಪ್ಪನೆಯ ಸಂಬಂಧಿ ಬಂಬಲ್‌ಬೀಯ ವಿಷದಿಂದ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಮೆಲಿಟಿನ್. ಒಣಗಿಸಿದ ಜೇನುವಿಷದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಅದರದ್ದೇ. 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಕೋಶದ ಪೊರೆಗೆ ಅಂಟಿಕೊಂಡು ತೂತು ಕೊರೆಯುತ್ತದೆ.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ಕೆಲಸ ನಡೆದದ್ದು ಪ್ರಯೋಗಾಲಯದ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ. ಮೆಲಿಟಿನ್‌ಗೆ ತನ್ನವರು, ಹೊರಗಿನವರು ಅನ್ನುವ ಭೇದ ಕಡಿಮೆ. ಕೆಂಪು ರಕ್ತಕಣವನ್ನೂ ಒಡೆಯುತ್ತದೆ. ಹಾಗಾಗಿ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋಕಣದ ಮೇಲೆ ಕೂರಿಸಿ, ಬೇಕಾದ ಕಡೆಗಷ್ಟೇ ಕಳಿಸುವ ದಾರಿಯನ್ನು ಹಲವರು ಹುಡುಕುತ್ತಿದ್ದಾರೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಇದೇ ಉಪಾಯದಿಂದ ಎಚ್‌ಐವಿ ವೈರಸ್ಸನ್ನು ಪ್ರಯೋಗಾಲಯದಲ್ಲಿ ಹಾಳುಗೆಡವಿ ತೋರಿಸಿದ್ದರು.

ಈಗ ನನ್ನ ಕ್ರೀಮಿನ ಟ್ಯೂಬಿಗೆ ಬನ್ನಿ. ಮುಂದುಗಡೆ ದೊಡ್ಡ ಜೇನುನೊಣದ ಚಿತ್ರ. ಹಿಂದುಗಡೆ ಕಣ್ಣು ಕಿರಿದು ಮಾಡಿ ಓದುವಂಥ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ. ಮೊದಲಲ್ಲೇ ಮೆಂಥಾಲ್, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್. ಜೇನುವಿಷದ ಹೆಸರು ಕೊನೆಯ ಸಾಲಿನಲ್ಲಿ, ಪರಿಮಳದ ಪಕ್ಕದಲ್ಲಿ. ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ಎಡ ಮಂಡಿಗೆ ಹಚ್ಚಿದೆ. ತಣ್ಣಗೆ ಜುಮ್ ಅಂದಿತು, ಹಿತವಾಯಿತು, ಸ್ವಲ್ಪ ಹೊತ್ತಿಗೆ ಹೋಯಿತು. ವಾರಗಟ್ಟಲೆ ಹಚ್ಚಿದರೂ ಕಥೆ ಅಷ್ಟೇ. ಅನುಮಾನ ಬಂದು ಬರೀ ಮೆಂಥಾಲ್, ಕರ್ಪೂರ ಇರುವ ಸಾದಾ ಮುಲಾಮು ತಂದು ಅದೇ ಮಂಡಿಗೆ ಹಚ್ಚಿದೆ. ಅದೇ ತಂಪು, ಅದೇ ಜುಮ್, ಅಷ್ಟೇ ಹೊತ್ತು. ಹಾಗಾದರೆ ನೊಣ ಮಾಡಿದ್ದೇನು? ಯೋಚಿಸಿ ನೋಡಿ, ತನ್ನ ವಿಷವನ್ನು ಚರ್ಮದ ಒಳಗೆ ಕಳಿಸಲು ಜೇನುನೊಣಕ್ಕೇ ಕೊಂಡಿ ಬೇಕು. ಮೇಲೆ ಸವರಿದ ಕ್ರೀಮು ಸಂಧಿಯವರೆಗೆ ಇಳಿಯುತ್ತದೆ ಅಂತ ನಂಬಲು ನನಗೆ ಕಷ್ಟ.

ಬಲ ಮಂಡಿಗೆ ಕ್ಯಾಪ್ಸೈಸಿನ್. ಮೆಣಸಿನಕಾಯಿಗೆ ಖಾರ ಕೊಡುವ ಪದಾರ್ಥವೇ ಇದು. ಟ್ಯೂಬಿನ ಮೇಲೆ ಶೇಕಡಾ 0.025 ಅಂತ ನೇರವಾಗಿ ಬರೆದಿತ್ತು. ಅಲ್ಲಿಗೇ ನನಗೆ ಅರ್ಧ ಸಮಾಧಾನ. ಉಳಿದರ್ಧ ಸುಲಭಕ್ಕೆ ಸಿಗಲಿಲ್ಲ. ಮೊದಲ ದಿನಗಳಲ್ಲಿ ಮಂಡಿ ಉರಿದು ಕೆಂಪಾಯಿತು. ಬೆಳಿಗ್ಗೆ ಹಚ್ಚಿದ್ದು ಆರಿತು ಅಂದುಕೊಂಡು ಸಂಜೆ ಬಿಸಿನೀರು ಸುರಿದುಕೊಂಡರೆ ಮತ್ತೆ ಧಗ್ ಅನ್ನುತ್ತದೆ. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಲೇಬಾರದು, ಸೋಪಿನಲ್ಲಿ ತೊಳೆದರೂ ಬೆರಳಲ್ಲಿ ಖಾರ ಉಳಿದಿರುತ್ತದೆ. ದಿನಕ್ಕೆ ಮೂರು-ನಾಲ್ಕು ಸಲ ಹಚ್ಚಬೇಕು. ಬೇಸರವಾಗಿ ಮಧ್ಯೆ ಬಿಟ್ಟರೆ ಮತ್ತೆ ಮೊದಲಿನಿಂದ ಉರಿ ಶುರು.

ಆದರೆ ಎರಡು-ಮೂರು ವಾರ ಕಳೆದ ಮೇಲೆ ಬಲಗಾಲು ಮೆಟ್ಟಿಲ ಮೇಲೆ ಅನುಮಾನವಿಲ್ಲದೆ ಊರತೊಡಗಿತು. ಎಡಗಾಲು ಮಾತ್ರ ಕಂಬಿ ಹಿಡಿದೇ ಇಳಿಯುತ್ತಿತ್ತು. ಬಲ ಮಂಡಿಯೇ ತಾನಾಗಿ ಸುಧಾರಿಸಿತೋ ಏನೋ ಅಂತ ಆಮೇಲೆ ಅದಲುಬದಲು ಮಾಡಿದೆ. ಖಾರ ಎಡಕ್ಕೆ, ಜೇನು ಬಲಕ್ಕೆ. ಫಲವೂ ಅದಲುಬದಲಾಯಿತು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರುವುದೂ ನನಗೆ ದೊಡ್ಡ ವಿಷಯ. ಬಿಸಿ, ನೋವುಗಳನ್ನು ಮಿದುಳಿಗೆ ತಲುಪಿಸುವ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಬಾಗಿಲಿದೆ. ಖಾರ ಆ ಬಾಗಿಲನ್ನು ತೆರೆಯುತ್ತದೆ, ಅದಕ್ಕೇ ಉರಿ. ಪದೇ ಪದೇ ತೆರೆಸಿದರೆ ಆ ನರದ ತುದಿ ಸುಸ್ತಾಗಿ ಸುಮ್ಮನಾಗುತ್ತದೆ. ಈ ಬಾಗಿಲನ್ನು 1997ರಲ್ಲಿ ಪತ್ತೆ ಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಆರ್ಡೆಮ್ ಪಟಪೂಟಿಯನ್ ಅವರ ಜೊತೆ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಕ್ಯಾಪ್ಸೈಸಿನ್ ಹಚ್ಚುವುದನ್ನು ಷರತ್ತಿನ ಮೇಲೆ ಒಪ್ಪುತ್ತದೆ. ಕೈಬೆರಳ ಸವೆತಕ್ಕೆ ಬೇಡ ಅನ್ನುತ್ತದೆ. ಖಾರದ ಕೈ ಕಣ್ಣಿಗೆ ಹೋಗುವುದು ತಡವಲ್ಲ, ನೋಡಿ.

ಅರಿಶಿನದ ಕರ್ಕ್ಯುಮಿನ್ ಮಾತ್ರೆಗೆ ಮಂಡಿ ಹಂಚಿಕೊಡಲು ಆಗುವುದಿಲ್ಲ, ಹೊಟ್ಟೆಗೆ ಹೋದದ್ದು ಎಲ್ಲ ಕಡೆಗೂ. ಹಾಗಾಗಿ ಬೇರೆ ಸಮಯದಲ್ಲಿ ಅದೊಂದನ್ನೇ ತೆಗೆದುಕೊಂಡೆ. ಒಂದು ವಾರ ವಾಸಿ ಅನ್ನಿಸಿತು, ಇನ್ನೊಂದು ವಾರ ಇಲ್ಲ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಅದಕ್ಕೆ ಮಾತ್ರೆಯಲ್ಲಿ ಕಾಳುಮೆಣಸಿನ ಪೈಪರಿನ್ ಬೆರೆಸಿರುತ್ತಾರೆ. 1998ರ ಒಂದು ಅಧ್ಯಯನದಲ್ಲಿ ಪೈಪರಿನ್ ಸೇರಿಸಿದಾಗ ರಕ್ತದಲ್ಲಿ ಸಿಗುವ ಕರ್ಕ್ಯುಮಿನ್ ಶೇಕಡಾ 2000 ಹೆಚ್ಚಿತು. ಜಾಹೀರಾತುಗಳು ಅಲ್ಲಿಗೇ ನಿಲ್ಲುತ್ತವೆ. ಪೈಪರಿನ್ ಇದನ್ನು ಮಾಡುವುದು ಯಕೃತ್ತು ಮದ್ದುಗಳನ್ನು ಒಡೆಯುವ ಕೆಲಸವನ್ನು ನಿಧಾನ ಮಾಡಿ. ಅಂದರೆ ನೀವು ನುಂಗುವ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಡುಗೆಯ ಅರಿಶಿನಕ್ಕೆ ಈ ಮಾತು ಹೇಳುತ್ತಿಲ್ಲ, ಅದರಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರ ಆಸುಪಾಸು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಈ ಡಬ್ಬಿ ತೆರೆಯಬೇಡಿ. ನಾನು ಅರ್ಧದಲ್ಲೇ ಮುಚ್ಚಿಟ್ಟೆ.

ಹೋಲಿಕೆಗೆ ಅಂತ ನೋವು, ಊತ ತಗ್ಗಿಸುವ ಡೈಕ್ಲೋಫಿನಾಕ್ ಜೆಲ್ ಕೂಡ ಹಚ್ಚಿದ್ದೆ. ನೈಸರ್ಗಿಕ ಪ್ರಿಯರಿಗೆ ಬೇಜಾರಾಗಬಹುದು, ಆದರೆ ಬೇಗ ಹಿತ ಕೊಟ್ಟದ್ದು ಅದೇ. ಉರಿಯೂ ಇಲ್ಲ. ಮೇಲೆ ಹೇಳಿದ ಮಾರ್ಗಸೂಚಿಯಲ್ಲೂ ಮಂಡಿಗೆ ಹಚ್ಚುವ ಮದ್ದಿನಲ್ಲಿ ಈ ಬಗೆಯ ಜೆಲ್‌ಗೇ ಮೊದಲ ಮಣೆ.

ಹಾಗಂತ ಪ್ರಕೃತಿಯಿಂದ ಮದ್ದು ಸಿಗುವುದಿಲ್ಲ ಅಂತಲ್ಲ. ರಕ್ತದೊತ್ತಡದ ಕ್ಯಾಪ್ಟೊಪ್ರಿಲ್‌ಗೆ ಸುಳಿವು ಸಿಕ್ಕಿದ್ದು ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಲ್ಲಿ. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್‌ಗೆ ಗಿಲಾ ಮಾನ್‌ಸ್ಟರ್ ಅನ್ನುವ ಹಲ್ಲಿಯ ಜೊಲ್ಲಿನಲ್ಲಿ. ಮಲೇರಿಯಾದ ಆರ್ಟಿಮಿಸಿನಿನ್ ಒಂದು ಗಿಡದಲ್ಲಿ ಸಿಕ್ಕಿ, ತು ಯೂಯೂ ಅವರಿಗೆ 2015ರ ನೊಬೆಲ್ ತಂದಿತು. ಇವುಗಳಲ್ಲಿ ಯಾವುದನ್ನೂ ಹಾವಿನ ಕೈಲಿ ಕಚ್ಚಿಸಿಕೊಂಡು, ಹಲ್ಲಿಯ ಬಾಯಿಗೆ ಬೆರಳಿಟ್ಟು ಪಡೆಯುವುದಿಲ್ಲ. ಎಷ್ಟು ಪ್ರಮಾಣ ಅಂತ ಮದ್ದಿನ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ.

ಜೇನುನೊಣದ ವಿಷಯದಲ್ಲಿ ಮಾತ್ರ ಕಚ್ಚಿಸಿಕೊಳ್ಳುವವರು ಇದ್ದಾರೆ. 1888ರಲ್ಲಿ ಫಿಲಿಪ್ ಟೆರ್ಚ್ ಎಂಬ ವೈದ್ಯರು ಜೇನಿನ ಕಡಿತಕ್ಕೂ ಕೀಲುನೋವಿಗೂ ಸಂಬಂಧ ಕಟ್ಟಿ ಬರೆದ ಕಾಲದಿಂದ ಇದು ನಡೆದುಬಂದಿದೆ. ನಾನೂ ಒಂದು ಕಡೆ ಹೋಗಿ ಕೂತೆ, ಮೊದಲು ಬೇರೆಯವರಿಗೆ ಮಾಡುವುದನ್ನು ನೋಡೋಣ ಅಂತ. ಚಿಮಟದಲ್ಲಿ ನೊಣ ಹಿಡಿದು ಮಂಡಿಯ ಮೇಲೆ ಒತ್ತಿದರು. ನೊಣವನ್ನು ಎತ್ತಿದಾಗ ಕೊಂಡಿ ಚರ್ಮದಲ್ಲೇ ಉಳಿಯಿತು, ಅದರ ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಸಂಚಿ. ನೊಣ ಹೋದ ಮೇಲೂ ಆ ಸಂಚಿ ತನ್ನಷ್ಟಕ್ಕೆ ಮಿಡಿಯುತ್ತಾ ವಿಷ ಒಳಗೆ ತಳ್ಳುತ್ತಿತ್ತು. ಒಂದು ಕಡಿತಕ್ಕೆ ಸುಮಾರು 0.1 ಮಿಲಿಗ್ರಾಂ ಅನ್ನುತ್ತಾರೆ, ಆದರೆ ನೊಣದಿಂದ ನೊಣಕ್ಕೆ ಬೇರೆ. ಅಲರ್ಜಿ ಜೋರಾದರೆ ಜೀವ ಉಳಿಸುವ ಅಡ್ರಿನಾಲಿನ್ ಇಂಜೆಕ್ಷನ್ ಇದೆಯಾ ಅಂತ ಕೇಳಿದೆ. ನಡೆಸುವವರು ನಕ್ಕರು, ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ ಅಂದರು. ನಾನು ಎದ್ದು ಬಂದೆ.

ಯಾಕೆಂದರೆ ಅಲರ್ಜಿ ಮೊದಲ ದಿನವೇ ಬರಬೇಕು ಅಂತೇನಿಲ್ಲ. 2018ರಲ್ಲಿ ವರದಿಯಾದ ಸ್ಪೇನ್‌ನ ಪ್ರಕರಣದಲ್ಲಿ 55 ವರ್ಷದ ಮಹಿಳೆ ಎರಡು ವರ್ಷದಿಂದ ಹೀಗೆ ಕಚ್ಚಿಸಿಕೊಳ್ಳುತ್ತಿದ್ದರು, ಏನೂ ತೊಂದರೆ ಇರಲಿಲ್ಲ. ಒಂದು ದಿನ ಉಬ್ಬಸ ಬಂದು ಪ್ರಜ್ಞೆ ತಪ್ಪಿತು, ಮುಂದೆ ಉಳಿಯಲಿಲ್ಲ. ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರೆ ಲಾಭವಾದರೂ ಇದೆಯಾ? ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದ್ದ 26 ಜನರ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ಸರಿಯಾದ ಪ್ರಯೋಗ ನಡೆಯಿತು. ಒಂದು ಸರದಿಗೆ 20 ನೊಣಗಳವರೆಗೆ, ವಾರಕ್ಕೆ ಮೂರು ಸಲ, 24 ವಾರ. 2005ರಲ್ಲಿ ಫಲಿತಾಂಶ ಬಂತು: ಕಾಯಿಲೆಯೂ ತಗ್ಗಲಿಲ್ಲ, ಸುಸ್ತೂ ತಗ್ಗಲಿಲ್ಲ.

ಜೇನುವಿಷ ನಿಜವಾಗಿ ಮದ್ದಾಗಿರುವುದನ್ನು ನಾನು ಕಂಡದ್ದು ಗೆಳೆಯರೊಬ್ಬರ ಜೊತೆ ಅಲರ್ಜಿ ವೈದ್ಯರಲ್ಲಿಗೆ ಹೋದಾಗ. ಆ ಗೆಳೆಯರಿಗೆ ಜೇನು ಕಚ್ಚಿದರೆ ಜೀವಕ್ಕೇ ಕುತ್ತು. ಮೈಗೆ ರೂಢಿಯಾಗಲಿ ಅಂತ ಶುದ್ಧ ಮಾಡಿದ ಅದೇ ವಿಷವನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಚುಚ್ಚುತ್ತಾ, ಏರಿಸುತ್ತಾ 100 ಮೈಕ್ರೋಗ್ರಾಂಗೆ ತರುತ್ತಾರೆ. ಒಂದು ನೊಣ ಕಚ್ಚಿದಷ್ಟು ಆಯಿತು ಅದು. ಆಮೇಲೆ ಮೂರರಿಂದ ಐದು ವರ್ಷ ಅದೇ ಪ್ರಮಾಣ ಮುಂದುವರಿಯುತ್ತದೆ. ಹೆಚ್ಚಿನವರಿಗೆ ಇದು ಫಲ ಕೊಡುತ್ತದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿದರು. ನರ್ಸ್ ಕೈಗೆಟುಕುವ ಟ್ರೇನಲ್ಲಿ ಅಡ್ರಿನಾಲಿನ್ ಇತ್ತು. ಅವರು ಬಂದು ಚುಚ್ಚಿದ ಜಾಗದ ಊತವನ್ನು ಸ್ಕೇಲಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಹೊರಡಲು ಬಿಟ್ಟರು.